ಬಾಯಾರ ಕೆಂಪು ಪುಸ್ತಕ

ಹೋದ ಮಂಗಳವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ಇಣುಕಿದೆ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಇಬ್ಬರು ಹುಡುಗಿಯರು. ಒಬ್ಬಳ ಕೈಯಲ್ಲಿ ಅಂಗೈಯಗಲದ ಯೇಸುವಿನ ಪುಸ್ತಕ. ಇಂಥವರು ಬಂದರೆ ಬಾಗಿಲು ತೆಗೆಯದೆ ಬೇಡವೆಂದು ಕೈಯಾಡಿಸುವುದು ನಮ್ಮ ಓಣಿಯ ರೂಢಿ. ನಾನೂ ಅದರಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಆ ಪುಸ್ತಕದ ರಟ್ಟು ಕೆಂಪಗಿತ್ತು. ಎತ್ತಿದ ಕೈ ಅಲ್ಲೇ ನಿಂತಿತು.

ನಿಮಗೆ ಬಾಯಾರ ಸಂಗತಿ ಹೇಳಬೇಕು.

ಆಗ ನಾವು ಬೆಟಗೇರಿಯಲ್ಲಿದ್ದೆವು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕನ್ನಡ ನಾಡು ಒಂದಾಗಬೇಕೆಂಬ ಮಾತು ಊರ ತುಂಬ. ಕರುಣಾಬಾಯಿ ಮಿಷನ್ನಿನ ಪರವಾಗಿ ಮನೆಮನೆಗೆ ಹೋಗಿ ಯೇಸುವಿನ ಕಥೆ ಹೇಳುತ್ತಿದ್ದವರು. ಎಲ್ಲರ ಬಾಯಲ್ಲೂ ಅವರು ಬಾಯಾರು. ಬಿಳಿ ಸೀರೆ, ಕರಿ ಕೊಡೆ, ಬೆವರಿನ ಜೊತೆ ಬೆರೆತ ಸಾಬೂನಿನ ವಾಸನೆ. ವಾರಕ್ಕೆರಡು ದಿನ ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅವ್ವನಿಗೆ ಓದಲು ಕಲಿಸುತ್ತಿದ್ದರು. ಅವರಿಗೆ ನೀರು ಕೊಡಲೆಂದೇ ಒಂದು ಬೇರೆ ತಂಬಿಗೆ ಗೂಡಿನಲ್ಲಿರುತ್ತಿತ್ತು. ಕುಡಿದು, ತಾವೇ ತೊಳೆದು, ತಾವೇ ಬೋರಲು ಹಾಕಿ ಹೋಗುತ್ತಿದ್ದರು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ನನಗೆ ಅನ್ನಿಸಿದ್ದೇ ಇಲ್ಲ.

ಬಿಳಿಯರು ಹೋದ ಮೇಲೆ ಬಾಯಾರ ತಿರುಗಾಟ ಕಷ್ಟವಾಯಿತು. ಕಟ್ಟೆಯ ಮೇಲೆ ಕೂತವರು, “ಸಾಹೇಬರು ಹ್ವಾದ್ರು, ನೀವ್ಯಾವಾಗ ಹೊಂಡತೀರಿ ಬಾಯಾರ?” ಎಂದು ಚಾಷ್ಟಿ ಮಾಡಿದರೆ, “ನಾ ಇಲ್ಲೇ ಶಿಗ್ಲಿ ಊರಾಕಿ ಅದೀನೋ ಯಪ್ಪಾ. ಶಿಗ್ಲಿಗೆ ಯಾವ ಹಡಗ ಹೋಗ್ತೈತಿ ಹೇಳು, ಹತ್ತತೀನಿ” ಎನ್ನುತ್ತಿದ್ದರು. ಏಕೀಕರಣದ ಮೆರವಣಿಗೆಯಲ್ಲೂ ಕೊಡೆ ಹಿಡಿದು ನಡೆದರು. ಅದಕ್ಕೆ ಅವರ ಚರ್ಚಿನ ಹಿರಿಯರು ಮುಖ ಗಂಟಿಕ್ಕಿದರಂತೆ. ಮೆರವಣಿಗೆಯವರೂ ಅವರಿಂದ ಎರಡು ಮಾರು ಸರಿದೇ ನಡೆದರಂತೆ. ಬಾಗಿಲುಗಳು ಒಂದೊಂದಾಗಿ ಮುಚ್ಚಿ, ನಮ್ಮ ಓಣಿಯಲ್ಲಿ ಕೊನೆಗೆ ಉಳಿದದ್ದು ನಮ್ಮ ಮನೆಯೊಂದೇ.

ಅಪ್ಪ ಖಾದಿ ತೊಟ್ಟವನು. ಹೆಂಡತಿ ಓದಲಿ ಎಂಬ ಆಸೆಗೆ ಸುಮ್ಮನಿದ್ದ. “ಅಕ್ಷರ ಕಲಸ್ರಿ, ನಿಮ್ಮ ದೇವರನ್ನ ಚೀಲದಾಗ ಇಟಗೊಳ್ರಿ” ಎಂದು ಮೊದಲೇ ಹೇಳಿದ್ದ. “ಆತ್ರಿ. ಕೇಳಿದವ್ರಿಗಷ್ಟ ಕೊಡ್ತೀನಿ” ಎಂದು ಬಾಯಾರು ಒಪ್ಪಿದ್ದರು.

ಕೇಳಿದವಳು ನಾನು. ಆ ಚೀಲದ ಕೆಂಪು ಪುಸ್ತಕದಲ್ಲಿ ಕುರಿಮರಿಯನ್ನು ಹೆಗಲ ಮೇಲೆ ಹೊತ್ತವನ ಚಿತ್ರವಿತ್ತು. ನನಗೆ ಬೇಕಾಗಿದ್ದು ದೇವರಲ್ಲ, ಆ ಮರಿ. ದಿನಗಟ್ಟಲೆ ಕಾಡಿದೆ. “ನಿಮ್ಮಪ್ಪನ್ನ ಕೇಳವಾ ಮೊದಲ” ಎಂದರು. “ಕೇಳೀನ್ರಿ, ಹ್ಞೂಂ ಅಂದಾರ” ಎಂದೆ. ಅದು ಮೊದಲನೆಯ ಸುಳ್ಳು.

ಎರಡನೆಯದು, ನನ್ನ ಹಾಸಿಗೆಯ ಸುರುಳಿಯಲ್ಲಿ ಅಪ್ಪ ಆ ಪುಸ್ತಕ ಕಂಡ ದಿನ.

“ನೀನೇ ಕೇಳಿ ಇಸ್ಕೊಂಡಿಯೇನು?”

“ಇಲ್ಲಪ್ಪಾ. ಬ್ಯಾಡ ಅಂದ್ರೂ ಬಾಯಾರು ಕೈಯಾಗ ತುರುಕಿದ್ರು.”

ಮರುದಿನ ಅಪ್ಪ ಹೊಸ್ತಿಲಲ್ಲೇ ನಿಂತು ಬಾಯಾರಿಗೆ ಪುಸ್ತಕ ಚಾಚಿದ. “ಹುಡುಗಿ ಬ್ಯಾಡ ಅಂದ್ರೂ ತುರುಕೀರಂತ. ಇನ್ನ ಈ ಮನಿಗೆ ಬರಬ್ಯಾಡ್ರಿ.” ಅವರು ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಇವಳೇ ಕೇಳಿದ್ದೆಂದು ಅವರು ಒಂದು ಮಾತು ಆಡಿದ್ದರೆ ಸಾಕಿತ್ತು. ಬದಲಿಗೆ ಪುಸ್ತಕವನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡು, “ತಪ್ಪಾತ್ರಿ. ಕೂಸಿಗೆ ಬಯ್ಯಬ್ಯಾಡ್ರಿ” ಎಂದು ಕೊಡೆ ಬಿಚ್ಚಿದರು.

ಅವ್ವನ ಓದು ಅಲ್ಲಿಗೇ ನಿಂತಿತು. ತವರಿನ ಕಾಗದ ಬಂದರೆ ಕೊನೆಯವರೆಗೂ ನನ್ನ ಮುಂದೆ ಹಿಡಿಯುತ್ತಿದ್ದಳು. ನನ್ನನ್ನು ಅಪ್ಪ ಹುಬ್ಬಳ್ಳಿಯ ಕಾನ್ವೆಂಟಿಗೆ ಸೇರಿಸಿದ. ರಜೆಗೆ ಬಂದಾಗ ಸಿಸ್ಟರುಗಳು ಕಲಿಸಿದ ಪ್ರಾರ್ಥನೆಯನ್ನು ನೆಂಟರ ಮುಂದೆ ಹೇಳಿಸಿ ಬೀಗುತ್ತಿದ್ದ. ಕನ್ನಡದಲ್ಲಿ ಬಂದರೆ ಅದು ಮತ, ಇಂಗ್ಲಿಷಿನಲ್ಲಿ ಬಂದರೆ ವಿದ್ಯೆ! ಹೇಳುವಾಗೆಲ್ಲ ನನ್ನ ಕಣ್ಣು ಗೂಡಿನಲ್ಲಿ ಬೋರಲಾಗಿದ್ದ ತಂಬಿಗೆಯ ಮೇಲೆ. ಬಾಯಾರನ್ನು ಮತ್ತೆ ನಾನು ಕಾಣಲಿಲ್ಲ. ಇಷ್ಟು ವರ್ಷಗಳಾದರೂ, ಬಿಸಿಲಿನಲ್ಲಿ ಕರಿ ಕೊಡೆಯೊಂದು ಓಣಿಯ ತಿರುವಿಗೆ ಬಂದರೆ, ಅದರ ಕೆಳಗಿನ ಮುಖ ಕಾಣುವವರೆಗೆ ಕೈಯ ಕೆಲಸ ಸಾಗುವುದಿಲ್ಲ.

ಬಾಗಿಲು ತೆಗೆದೆ. “ಒಳಗ ಬರ್ರಿ, ಕುಂಡ್ರಿ” ಎಂದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಒಳಗೆ ಕರೆಸಿಕೊಂಡು ರೂಢಿ ಇರಲಿಲ್ಲವೇನೋ, ಹೇಳಬೇಕಾದ್ದನ್ನೇ ಮರೆತಿದ್ದರು. ನಾವು ಕುಡಿಯುವ ಲೋಟದಲ್ಲೇ ನೀರು ಕೊಟ್ಟೆ. ತೊಳೆಯಲು ಎದ್ದವಳ ಕೈಯಿಂದ ಲೋಟ ಇಸಿದುಕೊಂಡೆ. ಪುಸ್ತಕ ತಿರುವಿದರೆ ಅದರಲ್ಲಿ ಕುರಿಮರಿ ಇರಲಿಲ್ಲ. ಆದರೂ ಅದನ್ನು ನನಗೆ ಕೊಡಿ ಎಂದು ಕೇಳಿದೆ.

ಅವರು ಹೋದೊಡನೆ ಎದುರುಮನೆಯ ಗಂಗಕ್ಕ ಕಟ್ಟೆಯಿಂದಲೇ ಕೂಗಿದಳು: “ಏನವಾ, ಮನಿಯೊಳಗ ಹೊಕ್ಕಿದ್ರಲ್ಲ? ಬ್ಯಾಡ ಅಂದ್ರೂ ತುರುಕಿ ಹ್ವಾದ್ರೇನು?”

“ಇಲ್ಲ ಗಂಗಕ್ಕಾ” ಎಂದೆ, ಓಣಿಗೆಲ್ಲ ಕೇಳುವಷ್ಟು ಜೋರಾಗಿ. “ನಾನೇ ಕೇಳಿ ಇಸ್ಕೊಂಡೀನಿ.”