ಶುಕ್ರವಾರದ ನಾಲ್ಕು ಗಂಟೆ ದಾರಿ

ಆರು ವರ್ಷ ಮೋಹನರಾಜನ ಕೆಲಸ ಹ್ಯೂಸ್ಟನ್ನಿನಲ್ಲಿ, ಹೆಂಡತಿ ಇಂದುಮತಿಯದು ಡಾಲಸ್ಸಿನಲ್ಲಿ. ಪ್ರತಿ ಶುಕ್ರವಾರ ಆಫೀಸು ಮುಗಿಸಿ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಡಾಲಸ್ಸಿನಾಚೆ ಅಲೆನ್ ಎಂಬ ಊರಿನಲ್ಲಿದ್ದ ಮನೆ ಸೇರುತ್ತಿದ್ದ. ದಾರಿಯುದ್ದಕ್ಕೂ ರೇಡಿಯೊದಲ್ಲಿ ಬರುತ್ತಿದ್ದದ್ದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳೇ. ಕೇಳಿ ಕೇಳಿ ಅವುಗಳ ಹುಚ್ಚು ಹಿಡಿದು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಗಿಟಾರ್ ಕಲಿತ. ಕೊನೆಗೆ ಡಾಲಸ್ಸಿಗೇ ಕೆಲಸ ಶಿಫ್ಟ್ ಆದ ವರ್ಷ ಆ ಧಾಟಿಯಲ್ಲೇ ಕನ್ನಡದಲ್ಲಿ ಒಂದು ಪ್ರೇಮಗೀತೆ ಬರೆದ.

‘ನಾಲ್ಕು ಗಂಟೆ ದಾರಿ ಸವೆದು ಬಾಗಿಲಿಗೆ ಬಂದೆ,
ಚಿಲಕ ತೆಗೆದು ನೀನು ಊಟ ಆಯ್ತಾ ಅಂದೆ.’

ಅಲ್ಲಿನ ಕನ್ನಡಿಗರ ಯುಗಾದಿ ಕಾರ್ಯಕ್ರಮದಲ್ಲಿ ಕೌಬಾಯ್ ಟೋಪಿ ಹಾಕಿಕೊಂಡು ಹಾಡಿದ. ‘ಊಟ ಆಯ್ತಾ’ ಎಂದು ರಾಗ ಎಳೆದದ್ದೇ ತಡ, ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ವಿಡಿಯೊ ವಾಟ್ಸಾಪಿನಲ್ಲಿ ಹರಿದಾಡಿತು. ದಿನಸಿ ಅಂಗಡಿಯಲ್ಲಿ ಸಿಕ್ಕ ಪರಿಚಯದವರು, “ಏನ್ ಸಾರ್, ಊಟ ಆಯ್ತಾ?” ಎಂದು ಎಳೆದು ಕೇಳತೊಡಗಿದರು. ಅವನೂ ನಕ್ಕ. ಮನೆಗೆ ಬಂದು ಗಿಟಾರನ್ನು ಬಟ್ಟೆ ಇಡುವ ಕ್ಲಾಸೆಟ್ಟಿಗೆ ಸೇರಿಸಿದ.

“ಅವರು ನಕ್ಕಿದ್ದು ಟೋಪಿಗೆ ಕಣ್ರೀ, ಹಾಡಿಗಲ್ಲ,” ಎಂದಳು ಇಂದುಮತಿ.

“ಎರಡಕ್ಕೂ ನಕ್ಕರು, ಬಿಡು.”

ಅವಳು ಬಿಡಲಿಲ್ಲ. ಆಸ್ಟಿನ್ನಿನಲ್ಲಿ ಓದುತ್ತಿದ್ದ ಮಗಳು ನಿಶಿತಾಳಿಗೆ ಫೋನ್ ಮಾಡಿದಳು. ಅಲ್ಲೊಂದು ಕಾಫಿ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ಯಾರು ಬೇಕಾದರೂ ಹಾಡಬಹುದಿತ್ತು. ನಿಶಿತಾ ಅಪ್ಪನ ಹೆಸರು ಬರೆಸಿಬಿಟ್ಟಳು.

ಆ ಭಾನುವಾರ ಕಾಫಿ ಅಂಗಡಿಯಲ್ಲಿ ಮೊದಲ ಸಾಲಿಗೆ ಅವನ ಬೆರಳು ತಪ್ಪಿತು. ಎರಡನೆಯದಕ್ಕೆ ಸರಿಹೋಯಿತು. ಕೇಳಿದವರು ಇಪ್ಪತ್ತು ಜನ. ಕನ್ನಡ ಬಲ್ಲವರು ಹೆಂಡತಿ, ಮಗಳು ಬಿಟ್ಟರೆ ಒಬ್ಬರೂ ಇಲ್ಲ. ಮುಗಿದಾಗ ಹದವಾದ ಚಪ್ಪಾಳೆ ಬಿತ್ತು. ಆಮೇಲೆ ಬಿಳಿಗೂದಲಿನ ಅಜ್ಜಿಯೊಬ್ಬಳು ಇಂದುಮತಿಯ ಬಳಿ ಬಂದು, ಆ ಮತ್ತೆ ಮತ್ತೆ ಬರುವ ಮಾತಿನ ಅರ್ಥವೇನು ಎಂದು ಕೇಳಿದಳು. ಇಂದುಮತಿ ಹೇಳಿದಳು.  ಅಜ್ಜಿ, ತನ್ನ ಗಂಡ ಮೂವತ್ತು ವರ್ಷ ಲಾರಿ ಓಡಿಸಿದವನು, ಅವನು ಬಂದಾಗ ತಾನೂ ಮೊದಲು ಕೇಳುತ್ತಿದ್ದದ್ದು ಅದನ್ನೇ ಎಂದಳು. ಮತ್ತೊಮ್ಮೆ ಹಾಡಲು ಆಗುತ್ತದೆಯೇ ಎಂದು ವಿಚಾರಿಸಿದಳು. ಮೋಹನರಾಜ ಹಾಡಿದ. ಈ ಸಲ ಬೆರಳು ತಪ್ಪಲಿಲ್ಲ.

“ಡ್ಯಾಡ್, ಯೂ ವರ್ ಗುಡ್,” ಎಂದು ನಿಶಿತಾ ಕಾರಿನವರೆಗೂ ಬಂದು ಬೀಳ್ಕೊಟ್ಟಳು.

ವಾಪಸು ಬರುವಾಗ ಇಂದುಮತಿ ಅದೇ ಹಾಡನ್ನು ಗುನುಗಿದಳು. ಆಮೇಲೆ, “ಹಾಡಲ್ಲಿ ಬರೀ ನಿಮ್ಮ ದಾರಿಯೇ ಇದೆ,” ಎಂದಳು. “ಆ ನಾಲ್ಕು ಗಂಟೆ ನಾನೇನು ಮಾಡ್ತಿದ್ದೆ ಅಂತ ಯಾವತ್ತಾದರೂ ಕೇಳಿದ್ದೀರಾ?”

“ಇಲ್ಲ. ಏನ್ ಮಾಡ್ತಿದ್ದೆ?”

“ಹ್ಯೂಸ್ಟನ್ನಿಂದ ಮನೆ ತನಕ ಒಂದೊಂದು ಊರಲ್ಲೂ ಮಳೆ ಇದೆಯಾ ಅಂತ ಫೋನಲ್ಲಿ ನೋಡ್ತಿದ್ದೆ. ನಡುವೆ ನಿಮಗೆ ಕಾಲ್ ಮಾಡಿದರೆ ಗಮನ ತಪ್ಪುತ್ತೆ ಅಂತ ಮಾಡ್ತಿರಲಿಲ್ಲ. ಅನ್ನಕ್ಕಿಡೋದನ್ನ ಮಾತ್ರ ನೀವು ಡಾಲಸ್ ದಾಟೋ ಹೊತ್ತಿಗೆ ಲೆಕ್ಕ ಹಾಕಿ ಸರಿಯಾಗಿ ಇಡ್ತಿದ್ದೆ.”

ಆರು ವರ್ಷ ಬಿಸಿ ಅನ್ನ ಉಂಡವನಿಗೆ ಇದು ಗೊತ್ತೇ ಇರಲಿಲ್ಲ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಪೆನ್ನು ಹುಡುಕಿದ.

“ಇನ್ನೊಂದು ಸಲ ಹೇಳು,” ಎಂದ. “ನಿಧಾನಕ್ಕೆ. ಈ ಹೊಸ ಚರಣ ನೀನೇ ಹಾಡಬೇಕು.”

“ಹಾಡ್ತೀನಿ,” ಎಂದಳು ಇಂದುಮತಿ. “ಮೊದಲು ಬರ್ಕೊಳ್ಳಿ.”