ಅಗ್ಗಕ್ಕೆ ಸಿಕ್ಕವರು

ನಮ್ಮ ಮನೆಯ ನೆಲಮಾಳಿಗೆಯ ಮೂಲೆಯಲ್ಲಿ ಒಂದು ಗುಂಡಿಯಿದೆ, ಗುಂಡಿಯೊಳಗೆ ಒಂದು ಪಂಪಿದೆ. ಶಿಕಾಗೋ ಹೊರವಲಯದ ಪ್ಲೇನ್‌ಫೀಲ್ಡಿನಲ್ಲಿ ಜೋಳದ ಹೊಲಗಳ ಮೇಲೆ ಎದ್ದುನಿಂತ ಹೊಸ ಬಡಾವಣೆಯ ಮನೆಗಳಿಗೆಲ್ಲ ಇದು ಹುಟ್ಟಿನಿಂದ ಬಂದ ಭಾಗ್ಯ. ಹಿಮ ಕರಗಿ ಏಪ್ರಿಲ್ಲಿನ ಮಳೆ ಹಿಡಿಯಿತೆಂದರೆ ನೆಲದಡಿಯ ನೀರು ತನ್ನ ಹಳೆಯ ಹಕ್ಕು ಕೇಳಿಕೊಂಡು ಮೇಲೆ ಬರುತ್ತದೆ. ಪಂಪು ಗೊರ್ರೆಂದು ಅದನ್ನು ಹೊರಗೆ ದಬ್ಬುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಗೊರ್ರೆನ್ನುತ್ತದೆ. ಆ ಸದ್ದನ್ನು ಮೀರಿ ಮಾತಾಡಬೇಕಾದ್ದರಿಂದ ನಮ್ಮ ನೆಲಮಾಳಿಗೆಗೆ ಬಂದ ಸಭ್ಯಸ್ಥರೂ ಗಂಟಲೇರಿಸುತ್ತಾರೆ, ಗಂಟಲೇರಿಸಿದ ಮೇಲೆ ತಮಗೇ ತಿಳಿಯದಂತೆ ಜಗಳಕ್ಕೆ ಬೀಳುತ್ತಾರೆ. ಮೇಲಿನ ಅಡುಗೆಮನೆಯಲ್ಲಿ ಕೂತವರಿಗೆ ಕೆಳಗೆ ಆಸ್ತಿ ಪಾಲಾಗುತ್ತಿದೆಯೇನೋ ಅನ್ನಿಸಬೇಕು. ಏಪ್ರಿಲ್ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ಪಾಲಾಗುತ್ತಿದ್ದದ್ದು ಆಸ್ತಿಯಲ್ಲ, ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗರು.

ನಿಮಗೆ ಈ ವಿಷಯ ಹೊಸದಾದರೆ ಸಿಟ್ಟಾಗಬೇಡಿ, ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಫುಟ್‌ಬಾಲಿನಲ್ಲಿ ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಕಾಲೇಜಿನ ಆಟಗಾರರನ್ನು ಸರದಿಯ ಪ್ರಕಾರ ಹೆಕ್ಕಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಅದರಲ್ಲಿ ಏಳು ಸುತ್ತು. ಮೊದಲ ಸುತ್ತಿನಲ್ಲಿ ಹೆಸರು ಬಂದವನಿಗೆ ಕುಬೇರನ ಸಂಬಳ, ಕೊನೆಯ ಸುತ್ತಿನವನಿಗೆ ಅದರ ಎದುರು ಚಿಲ್ಲರೆ. ಮೈಸೂರಿನಲ್ಲಿ ಹುಟ್ಟಿ, ಸಿಇಟಿ ಬರೆದು, ಬೆಂಗಳೂರಿನ ಕೌನ್ಸೆಲಿಂಗ್ ಹಾಲಿನಲ್ಲಿ ಅಪ್ಪನ ಪಕ್ಕ ಕೂತು ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಮಾಯವಾಗುವುದನ್ನು ಎದೆ ಹಿಡಿದುಕೊಂಡು ನೋಡಿದ ನನಗೆ ಇದು ಅದೇ ಕೌನ್ಸೆಲಿಂಗನ್ನು ತಲೆಕೆಳಗು ಮಾಡಿದಂತೆ ಕಂಡಿತು. ಅಲ್ಲಿ ರ್ಯಾಂಕ್ ಬಂದವನು ಕಾಲೇಜನ್ನು ಆರಿಸುತ್ತಾನೆ. ಇಲ್ಲಿ ತಂಡವೆಂಬ ಕಾಲೇಜೇ ಹುಡುಗನನ್ನು ಆರಿಸುತ್ತದೆ, ಅದೂ ಯಾವ ಕಾಲೇಜಿನ ಫಲಿತಾಂಶ ತೀರಾ ಕೆಟ್ಟಿದೆಯೋ ಅದಕ್ಕೇ ಮೊದಲ ಸರದಿ. ಮೊದಲ ವರ್ಷ ನಾವೆಲ್ಲ ಗೆದ್ದ ತಂಡವೇ ಮೊದಲು ಆರಿಸುತ್ತದೆಂದು ತಿಳಿದು ಪಂದ್ಯ ಕಟ್ಟಿ ಮುಖಭಂಗ ಅನುಭವಿಸಿದ್ದೆವು. ರ್ಯಾಂಕಿನ ಹೊರತು ಬೇರೆ ನ್ಯಾಯ ಕಂಡಿರದ ನಮ್ಮಂಥವರಿಗೆ ಸೋತವನಿಗೆ ಮೊದಲ ತುತ್ತು ಎಂಬುದನ್ನು ಅರಗಿಸಿಕೊಳ್ಳಲು ಒಂದು ವರ್ಷ ಹಿಡಿಯಿತು.

ಅರಗಿಸಿಕೊಂಡ ಮೇಲೆ ನಮಗೆ ಹಿಡಿದದ್ದು ಮೊದಲ ಸುತ್ತಿನ ಹುಚ್ಚಲ್ಲ, ಕೊನೆಯ ಸುತ್ತುಗಳದ್ದು. ಮಂಡಿ ನೋವೆಂದೋ, ಸಣ್ಣ ಕಾಲೇಜಿನವನೆಂದೋ ಎಲ್ಲರೂ ಬಿಟ್ಟು, ನಾಲ್ಕನೆಯದೋ ಐದನೆಯದೋ ಸುತ್ತಿಗೆ ಜಾರಿದ ಒಳ್ಳೆಯ ಆಟಗಾರ ಯಾರು? ಕೊಟ್ಟ ಸಂಬಳಕ್ಕಿಂತ ಹೆಚ್ಚು ಆಡುವವನು ಯಾರು? ಅವನನ್ನು ವ್ಯಾಲ್ಯೂ ಪಿಕ್ ಎನ್ನುತ್ತಾರೆ. ತರಕಾರಿ ಕೊಂಡ ಮೇಲೂ ಕರಿಬೇವನ್ನು ಕೊಸರು ಕೇಳದೆ ಹೆಜ್ಜೆ ಕಿತ್ತಿಡದ ನಮ್ಮ ಜಾಯಮಾನಕ್ಕೆ ಈ ಮಾತು ಹೇಗೆ ಒಗ್ಗಿತೆಂದರೆ, ಅಕ್ಕಪಕ್ಕದ ಲಿಸ್ಲ್‌ನಿಂದ, ಶಾಮ್‌ಬರ್ಗ್‌ನಿಂದ ಬಂದ ನಾಲ್ಕಾರು ಕನ್ನಡ ಸಂಸಾರಗಳಿಗೆ ಡ್ರಾಫ್ಟಿನ ಎರಡು ದಿನ ನಮ್ಮ ನೆಲಮಾಳಿಗೆಯಲ್ಲಿ ಕೂತು ಅಗ್ಗದ ಒಳ್ಳೆಯ ಮಾಲಿನ ಬಗ್ಗೆ ಕಿತ್ತಾಡುವುದು ಹಬ್ಬದಂತಾಗಿಬಿಟ್ಟಿತು. ಕೆಳಗೆ ಕೂರುವ ಒಬ್ಬಳೇ ಹೆಂಗಸು ನಾನು. ನಮ್ಮ ಯಜಮಾನರಿಗಿಂತ ನನಗೇ ಈ ಆಟದ ಹುಚ್ಚು ಹೆಚ್ಚೆಂದು ಎಲ್ಲರಿಗೂ ಗೊತ್ತು.

ನಾನು ಹೇಳಹೊರಟಿರುವುದು ೨೦೦೯ರ ರಿಸೆಷನ್ನಿನ ನಡುವೆ ಬಂದ ಡ್ರಾಫ್ಟಿನ ಕಥೆ. ಆ ಚಳಿಗಾಲದಲ್ಲಿ ಯಾರ ಮನೆಗೆ ಹೋದರೂ ಕೆಲಸದ ಬಗ್ಗೆ ಕೇಳುವಂತಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿದ್ದ ನನ್ನ ಕೆಲಸಕ್ಕೆ ಭಯವಿರಲಿಲ್ಲ, ಜನ ರಿಸೆಷನ್ ಎಂದು ಕಾಯಿಲೆ ಬೀಳುವುದನ್ನು ನಿಲ್ಲಿಸುವುದಿಲ್ಲವಲ್ಲ. ಉಳಿದವರ ಮುಖದಲ್ಲಿ ಮಾತ್ರ ಸೋಮವಾರದ ದಿಗಿಲು ಶನಿವಾರವೇ ಕಾಣುತ್ತಿತ್ತು. ಆಟದಲ್ಲೂ ನಮಗೆ ಸುಖವಿರಲಿಲ್ಲ. ನಮ್ಮ ಶಿಕಾಗೋ ತಂಡ ಮೊದಲ ಸುತ್ತಿನ ತನ್ನ ಸರದಿಯನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಕೂತಿತ್ತು. ಡೆಟ್ರಾಯಿಟ್ ತಂಡ ಹಿಂದಿನ ಸೀಸನ್ನಿನಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲದೆ, ಆ ಪುಣ್ಯದಿಂದ ಮೊದಲ ಸರದಿಯನ್ನು ಗಳಿಸಿತ್ತು.

ಆ ಡೆಟ್ರಾಯಿಟ್ ತಂಡದ ಪರವಾಗಿ ನಮ್ಮ ಮಧ್ಯೆ ಎದೆಯುಬ್ಬಿಸಿ ಕೂರುತ್ತಿದ್ದ ಒಬ್ಬರೇ ಒಬ್ಬರೆಂದರೆ ಪ್ರಹ್ಲಾದ. ಧಾರವಾಡದ ಕಡೆಯವರು, ಮಿಶಿಗನ್ನಿನ ಕ್ಯಾಂಟನ್ನಿನಲ್ಲಿ ಮನೆ, ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸ. ನಾವು ಮದುವೆಯಾದ ಹೊಸತರಲ್ಲಿ ಆ ಊರಿನಲ್ಲಿದ್ದಾಗ ಅವರೂ ಅವರ ಹೆಂಡತಿ ಶೈಲಜಾ ಅವರೂ ನಮ್ಮನ್ನು ಮನೆಯವರಂತೆ ನೋಡಿಕೊಂಡಿದ್ದರು. ಹಿಮದಲ್ಲಿ ಕಾರು ಓಡಿಸುವುದನ್ನು ನನಗೆ ಕಲಿಸಿದವರು ಅವರೇ. ಫೆಬ್ರವರಿಯಲ್ಲಿ ಅವರ ಕಂಪನಿ ಆ ವಿಭಾಗವನ್ನೇ ಮುಚ್ಚಿತು, ಸಂಬಳದ ಪಟ್ಟಿಯಲ್ಲಿ ಹೆಸರು ಉಳಿದದ್ದು ಮೇ ಕೊನೆಯವರೆಗೆ ಮಾತ್ರ. ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿರದಿದ್ದರಿಂದ ಕೆಲಸದೊಂದಿಗೆ ವೀಸಾವೂ ಮುಗಿಯುತ್ತಿತ್ತು. ಮೇ ಮುಗಿಯುವುದರೊಳಗೆ ಹೊಸ ಕೆಲಸ ಸಿಗದಿದ್ದರೆ ಹದಿನಾರು ವರ್ಷದ ಸಂಸಾರವನ್ನು ಪೆಟ್ಟಿಗೆಗಳಿಗೆ ತುಂಬಿ, ಹೈಸ್ಕೂಲಿನ ಮಗಳನ್ನು ಅರ್ಧಕ್ಕೆ ಬಿಡಿಸಿಕೊಂಡು ಭಾರತಕ್ಕೆ ಹೊರಡಬೇಕಿತ್ತು. ಇಡೀ ಮಿಡ್‌ವೆಸ್ಟಿನಲ್ಲಿ ಅವರನ್ನು ಇಂಟರ್‌ವ್ಯೂಗೆ ಕರೆದದ್ದು ಒಂದೇ ಕಡೆ, ಲಿಸ್ಲ್‌ನ ಯಂತ್ರೋಪಕರಣಗಳ ಕಂಪನಿಯೊಂದರಲ್ಲಿ. ಶುಕ್ರವಾರ ಇಂಟರ್‌ವ್ಯೂ ಮುಗಿಸಿ ವಾರಾಂತ್ಯಕ್ಕೆಂದು ಹೆಂಡತಿ ಮಗಳೊಂದಿಗೆ ನಮ್ಮಲ್ಲಿ ಉಳಿದುಕೊಂಡಿದ್ದರು. ಇಂಟರ್‌ವ್ಯೂ ಮಾಡಿದವರಲ್ಲಿ ಒಬ್ಬ ರಘು, ನಮ್ಮ ಪ್ರತಿ ವರ್ಷದ ಡ್ರಾಫ್ಟ್ ಬಳಗದವನೇ, ಬೆಂಗಳೂರಿನ ಹುಡುಗ, ಪ್ರಹ್ಲಾದರಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಏನಾಯಿತೆಂದು ಅವನು ಹೇಳುವಂತಿರಲಿಲ್ಲ, ಇವರು ಕೇಳುವಂತಿರಲಿಲ್ಲ. ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತರು.

ನಮಗೆಲ್ಲ ಮನಸ್ಸಿನಲ್ಲಿ ಗೆದ್ದಾಗಿತ್ತು ಅನ್ನಿ. ಪ್ರಹ್ಲಾದರು ಯೂನಿವರ್ಸಿಟಿಗೇ ಮೊದಲಿಗರಾಗಿ ಚಿನ್ನದ ಪದಕ ಪಡೆದವರು, ಅವರಿಗೆ ಸಿಗದೆ ಇನ್ನಾರಿಗೆ ಸಿಗಬೇಕು? ರ್ಯಾಂಕಿನ ಮೇಲಿನ ನಮ್ಮ ನಂಬಿಕೆ ಇನ್ನೂ ಹೋಗಿರಲಿಲ್ಲ.

ಶನಿವಾರ ಗದ್ದಲದಲ್ಲೇ ಕಳೆಯಿತು. ಮೊದಲ ಸುತ್ತಿನ ಹುಡುಗರು ಹೊಸ ಸೂಟು ಹಾಕಿಕೊಂಡು ಅಪ್ಪ ಅಮ್ಮಂದಿರ ಮಧ್ಯೆ ಕೂತಿರುತ್ತಾರೆ. ಹೆಸರು ಕರೆದ ತಕ್ಷಣ ತಾಯಿ ಅಳುತ್ತಾಳೆ, ಕ್ಯಾಮರಾ ಅವಳ ಕಣ್ಣೀರಿನ ಹತ್ತಿರಕ್ಕೇ ಹೋಗುತ್ತದೆ. ಮೇಲಿಂದ ಕೆಳಗೆ ಓಡಾಡುತ್ತಿದ್ದ ಶೈಲಜಾ ಆ ತಾಯಂದಿರನ್ನು ನೋಡಲು ಮೆಟ್ಟಿಲ ಮೇಲೇ ನಿಂತುಬಿಡುತ್ತಿದ್ದರು. ಡೆಟ್ರಾಯಿಟ್ ತಂಡ ತನ್ನ ಮೊದಲ ಆಯ್ಕೆಯನ್ನು ಚೆಂಡೆಸೆಯುವ ದುಬಾರಿ ಹುಡುಗನೊಬ್ಬನ ಮೇಲೆ ಸುರಿದದ್ದಕ್ಕೆ ಪ್ರಹ್ಲಾದರು ಟೀವಿಯನ್ನೇ ಗದರಿಸಿದರು.

"ಒಬ್ಬಾವಗ ಅಷ್ಟು ರೊಕ್ಕಾ ಸುರೀತಾರೇನ್ರೀ ವೈನಿ? ಅದ್ರಾಗ ನಾಕು ಗಟ್ಟಿ ಹುಡುಗೂರ ಬರ್ತಿದ್ರು!"

ಭಾನುವಾರ ಬೆಳಿಗ್ಗೆಯಿಂದ ಮಳೆ. ಪಂಪಿಗೆ ಬಿಡುವಿರಲಿಲ್ಲ. ಅಂದು ಕೊನೆಯ ಸುತ್ತುಗಳು, ನಮ್ಮ ನಿಜವಾದ ಹಬ್ಬ. ಮಂಡಿಯ ಆಪರೇಷನ್ ಆಗಿದ್ದ ಒಬ್ಬ ಹುಡುಗ ಐದನೆಯ ಸುತ್ತಿನವರೆಗೂ ಯಾರಿಗೂ ಬೇಡವಾಗಿ ಉಳಿದಿದ್ದ. ರಘು ಅವನ ಹಿಂದೆ ಬಿದ್ದ.

"ಇಡೀ ಡ್ರಾಫ್ಟ್‌ಗೆ ಬೆಸ್ಟ್ ವ್ಯಾಲ್ಯೂ ಇವ್ನೇ ಗುರು. ಮಂಡಿ ಸರಿಯಾಗಿದ್ದಿದ್ರೆ ಸೆಕೆಂಡ್ ರೌಂಡಲ್ಲೇ ಹೋಗ್ಬಿಡ್ತಿದ್ದ."

"ಮಂಡಿ ಹೋದಾಂವನ್ನ ತೊಗೊಂಡು ಏನ್ ಮಾಡ್ತೀಯೋ?" ಎಂದರು ಪ್ರಹ್ಲಾದ.

"ಅದೇ ಸಾರ್ ಪಾಯಿಂಟು! ಅವ್ನಿಗೆ ಬೇರೆ ಕಡೆ ಆಫರ್ ಇಲ್ಲ. ಬಾರ್ಗೇನ್ ಮಾಡೋ ಹಾಗೇ ಇಲ್ಲ. ಕೊಟ್ಟಷ್ಟಕ್ಕೆ ಬರ್ತಾನೆ, ಬಂದು ಜೀವ ಕೊಟ್ಟು ಆಡ್ತಾನೆ."

ಪಂಪಿಗಾಗಿ ಎತ್ತರಿಸಿದ ದನಿ. ಅವನ ಮಾತು ಮುಗಿಯುವಷ್ಟರಲ್ಲಿ ಪಂಪು ನಿಂತಿತು, 'ಜೀವ ಕೊಟ್ಟು ಆಡ್ತಾನೆ' ಎಂಬುದು ಆ ಮೌನದಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ರಘುವಿನ ಮುಖ ಕೆಂಪಾಯಿತು. ಹೇಳಿದ್ದೇನೆಂದು ಅವನಿಗೆ ಹೊಳೆದದ್ದು ಆಗಲೇ ಇರಬೇಕು. ಪ್ರಹ್ಲಾದರು ಅವನ ಕಡೆ ನೋಡಲಿಲ್ಲ; ಕೈಯಲ್ಲಿದ್ದ ತಟ್ಟೆಯ ಮಂಡಕ್ಕಿಯನ್ನು ಬೆರಳಿಂದ ಕೆದಕುತ್ತಾ, "ಖರೇ ಹೇಳ್ದಿ ನೋಡಪಾ," ಎಂದು ನಕ್ಕರು. "ಕೊಟ್ಟಷ್ಟಕ್ಕ ಬರ್ತಾನ."

ಮೆಟ್ಟಿಲ ಮೇಲೆ ನಿಂತಿದ್ದ ಶೈಲಜಾ ಕೇಳಿದರು: "ಇವನ ಮನಿಯವರನ್ನ ತೋರಸಂಗಿಲ್ಲೇನು? ನಿನ್ನೆ ಎಲ್ಲಾರ ಅವ್ವಂದಿರನ್ನೂ ತೋರಿಸಿದ್ರಲ್ಲ."

ಕೊನೆಯ ಸುತ್ತುಗಳಲ್ಲಿ ತಾಯಂದಿರನ್ನು ತೋರಿಸುವುದಿಲ್ಲ. ಎರಡು ಜಾಹೀರಾತುಗಳ ನಡುವೆ ಪರದೆಯ ತಳದಲ್ಲಿ ಒಂದು ಹೆಸರು ಎಡಕ್ಕೆ ಸರಿದುಹೋಗುತ್ತದೆ, ಅಷ್ಟೆ.

ಅಂದಿನಿಂದ ನಾನು ಈ ವ್ಯಾಲ್ಯೂ ಎಂಬ ಮಾತನ್ನು ಮನಸ್ಸಿನಲ್ಲಿ ಬಹಳ ಸಲ ತಿರುವಿಹಾಕಿದ್ದೇನೆ. ಒಬ್ಬ ಮನುಷ್ಯನ ಯೋಗ್ಯತೆಗೂ ಅವನ ಕೈಗೆ ಬರುವ ಸಂಬಳಕ್ಕೂ ನಡುವೆ ಉಳಿಯುವ ಅಂತರ ಅದು. ಆ ಅಂತರ ದೊಡ್ಡದಾದಷ್ಟೂ ನಾವು ಚಪ್ಪಾಳೆ ತಟ್ಟುತ್ತೇವೆ. ಅದು ಯಾರ ಜೇಬಿಗೆ ಹೋಗುತ್ತದೆ, ಯಾರ ಜೇಬಿನಿಂದ ಹೋಗುತ್ತದೆ ಎಂದು ಅಷ್ಟು ವರ್ಷ ಅಲ್ಲಿ ಕೂತ ನಮ್ಮಲ್ಲಿ ಒಬ್ಬರಾದರೂ ಕೇಳಿದ್ದುಂಟೇ? ಒಬ್ಬರೂ ಒಂದು ತಂಡದ ಮಾಲೀಕರಲ್ಲ, ಮಾಲೀಕರ ಮನೆಯ ಗೇಟು ಕಂಡವರೂ ಅಲ್ಲ. ಎಲ್ಲರೂ ಬೇರೊಬ್ಬರು ತೂಗಿ ಆರಿಸಿಕೊಂಡವರೇ, ನಾಳೆ ಬೇಡವೆಂದರೆ ಎದ್ದುಹೋಗಬೇಕಾದವರೇ. ಆದರೂ ಸೋಫಾದ ಮೇಲೆ ಕಾಲು ಚಾಚಿ ಕೂತ ಕೂಡಲೇ ನಮ್ಮ ನಾಲಿಗೆಗೆ ಕೊಳ್ಳುವವನ ಮಾತೇ ಬರುತ್ತದೆ. ನನ್ನ ಮದುವೆಯಲ್ಲಿ ನಮ್ಮ ಸೋದರಮಾವ ಗಂಡಿನ ಕಡೆಯವರಿಗೆ "ಓದಿದ ಹುಡುಗಿ, ಒಡವೆ ವಸ್ತ್ರ ಅಂತ ಏನೂ ಕೇಳೋದಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದದ್ದು ನೆನಪಿದೆ. ಆಗ ಅದು ಹೊಗಳಿಕೆಯೆಂದೇ ನಾನೂ ತಲೆ ತಗ್ಗಿಸಿ ನಕ್ಕಿದ್ದೆ. ಕೇಳದೆ ಇರುವುದನ್ನೇ ಗುಣವೆಂದು ಹೇಳಿಕೊಟ್ಟು ಬೆಳೆಸಿದ ಜನ ನಾವು, ಹಾಗಾಗಿ ಎಲ್ಲ ಕಡೆಯೂ ಅಗ್ಗವಾಗಿಯೇ ಸಿಗುತ್ತೇವೆ.

ಆ ಸಂಜೆ ಪ್ರಹ್ಲಾದರ ಸಂಸಾರ ಕ್ಯಾಂಟನ್ನಿಗೆ ಹೊರಟಿತು. ಐದು ಗಂಟೆಯ ದಾರಿ, ಮಿಶಿಗನ್ನಿನ ಗಡಿಯಾರ ಮುಂದಿರುವುದರಿಂದ ಇನ್ನೊಂದು ಗಂಟೆ ನಷ್ಟ. ವ್ಯಾನಿನ ಕಿಟಕಿ ಇಳಿಸಿ ಮಗಳು "ಬೈ ಆಂಟಿ, ಥ್ಯಾಂಕ್ಸ್ ಫಾರ್ ಎವ್ರಿಥಿಂಗ್" ಎಂದಳು. ಯಾವಾಗಲೂ ಹೇಳುವ ಮಾತೇ. ಅಂದು ಮಾತ್ರ ನನಗೆ ಅಳು ಬಂತು.

ಮಂಗಳವಾರ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದಾಗ ರಘು ಫೋನ್ ಮಾಡಿದ.

"ಅಕ್ಕಾ, ಆಗೋಯ್ತು. ಪ್ರಹ್ಲಾದ್ ಸಾರ್‌ಗೆ ಆಫರ್ ಹೋಗ್ತಿದೆ. ಒಂದ್ ವರ್ಷದ ಕಾಂಟ್ರಾಕ್ಟು, ಟೈಟಲ್ ಎರಡು ಸ್ಟೆಪ್ ಕಮ್ಮಿ. ನನ್ ಟೀಮಲ್ಲೇ."

"ನಿನ್ನ ಕೈಕೆಳಗಾ?"

"ಹೂಂ." ಅವನು ದನಿ ತಗ್ಗಿಸಿದ. "ನಮ್ಮಲ್ಲೂ ಲೇಆಫ್ ನಡೀತಿದೆ ಅಕ್ಕಾ, ಯಾರ್ನೂ ತಗೊಳೋದೇ ಬೇಡ ಅಂತಿದ್ರು. ಮೆಡಲ್ಲು, ಎಕ್ಸ್‌ಪೀರಿಯನ್ಸು ಎಲ್ಲ ಹೇಳ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ಇಂಥ ಮನುಷ್ಯ ಈ ರೇಟ್‌ಗೆ ಇನ್ಯಾವತ್ತೂ ಸಿಗಲ್ಲ ಅಂದೆ ನೋಡಿ, ಆಗ ತಲೆ ಎತ್ತಿದ್ರು." ಆಮೇಲೆ ಕೇಳಿದ: "ಭಾನುವಾರ ನಾನಂದಿದ್ದಕ್ಕೆ ಅವ್ರು ಬೇಜಾರ್ ಮಾಡ್ಕೊಂಡ್ರಾ?"

ನನಗೆ ಸಿಟ್ಟು ಬಂದಿತ್ತು, ಅದನ್ನು ಇವನ ಮೇಲೆ ಹಾಕುವುದು ನ್ಯಾಯವಲ್ಲ ಎಂಬುದೂ ಗೊತ್ತಿತ್ತು. ಅವರನ್ನು ಆ ಬಾಗಿಲಿನೊಳಗೆ ಸೇರಿಸಲು ಇದ್ದದ್ದು ಅದೊಂದೇ ಮಾತು, ಅದನ್ನು ಅವನು ಆಡಿದ್ದ. ತನ್ನ ಕುರ್ಚಿಯೇ ಅಲ್ಲಾಡುತ್ತಿರುವಾಗ ಇನ್ನೊಬ್ಬರಿಗಾಗಿ ಬಾಯಿ ತೆರೆಯುವುದು ಸಣ್ಣ ಸಂಗತಿಯಲ್ಲ. ಇಲ್ಲ, ಬೇಜಾರೇನೂ ಮಾಡಿಕೊಳ್ಳಲಿಲ್ಲ ಎಂದು ಸುಳ್ಳು ಹೇಳಿದೆ.

ಸಂಜೆ ಕ್ಯಾಂಟನ್ನಿನಿಂದ ಫೋನ್ ಬಂತು. "ಸಿಕ್ತ್ರೀ ವೈನಿ," ಎಂದರು ಪ್ರಹ್ಲಾದ. "ಯಾವ ರೌಂಡಿನಾಗ ಅಂತ ಮಾತ್ರ ಕೇಳಬ್ಯಾಡ್ರಿ." ಜೋರಾಗಿ ನಕ್ಕರು, ನಾನೂ ನಕ್ಕೆ. ನನಗೆ ಆಗಲೇ ಗೊತ್ತೆಂದು ಹೇಳಲಿಲ್ಲ.

ಆಮೇಲೆ ಶೈಲಜಾ ಫೋನ್ ತೆಗೆದುಕೊಂಡರು. ಕ್ಯಾಂಟನ್ನಿನ ಮನೆಯನ್ನು ಕೊಳ್ಳುವವರಿಲ್ಲ. ಬೀದಿಯಲ್ಲಿ ಮೂರು ಮನೆಗೆ ಒಂದರಂತೆ ಮಾರಾಟದ ಬೋರ್ಡು ನಿಂತಿದೆ. ಒಂದು ವರ್ಷದ ಕಾಂಟ್ರಾಕ್ಟನ್ನು ನಂಬಿ ಮಗಳ ಶಾಲೆ ಬಿಡಿಸಲಾಗದು. ತಾವೂ ಮಗಳೂ ಅಲ್ಲೇ ಇರುವುದೆಂದು ತೀರ್ಮಾನಿಸಿದ್ದರು. ಪ್ರಹ್ಲಾದರು ಶುಕ್ರವಾರ ಸಂಜೆ ಇಲ್ಲಿಂದ ಡ್ರೈವ್ ಮಾಡಿಕೊಂಡು ಹೋಗುವುದು, ಭಾನುವಾರ ತಿರುಗಿ ಬರುವುದು.

"ಒಂದು ಮಾತು ಕೇಳ್ಲೇನು?" ಎಂದರು. "ಅಪಾರ್ಟ್‌ಮೆಂಟಿಗೆ ಕೊಟ್ರ ಇವರು ತರೋ ಪಗಾರದಾಗ ಏನೂ ಉಳ್ಯಾಂಗಿಲ್ಲ. ನಿಮ್ಮ ಬೇಸ್‌ಮೆಂಟಿನಾಗ ಒಂದಿಷ್ಟು ದಿನ..."

ಅವರು ಮಾತು ಮುಗಿಸುವ ಮೊದಲೇ ಹೂಂ ಎಂದೆ. ಎಷ್ಟು ದಿನವಾದರೂ ಇರಲಿ, ಅದು ಅವರ ಮನೆಯೇ ಎಂದೆ.

ಆಮೇಲೆ ಶೈಲಜಾ ಮೆಲ್ಲಗೆ ಹೇಳಿದರು: "ನಾ ದೇವರಿಗೆ ಕೆಲಸಾ ಒಂದು ಸಿಗಲಿ ಅಂತಷ್ಟ ಕೇಳಿದ್ದೆ ನೋಡ್ರಿ. ಹೆಚ್ಚಿಗಿ ಕೇಳಬಾರ್ದು ಅಂತ ಮಿಕ್ಕಿದ್ದೇನೂ ಕೇಳಲೇ ಇಲ್ಲ."