ವಾರಕ್ಕೊಬ್ಬನಾಗುವ ಲತೀರ್

ಮರುಭೂಮಿಯ ಧೂಳುಗಾಳಿ ಇನ್ನೂ ತಗ್ಗದ ಫೆಬ್ರವರಿ, ಸೋಮವಾರ. ಬೆಳಗಿನ ಬಾಂಗು ಮುಗಿದು ಅರ್ಧ ಗಂಟೆಯಾಗಿದೆ. ರುಫಿಸ್ಕ್ ಬಂದರು ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಒಬ್ಬನೇ ಒಬ್ಬ ಮನುಷ್ಯ ಎಡಗಾಲನ್ನು ತುಸು ಎಳೆದುಕೊಂಡು ಓಡುತ್ತಿದ್ದಾನೆ. ಅವನ ಕಾಲಿಗೆ ಏನೂ ಆಗಿಲ್ಲ. ಬರುವ ಭಾನುವಾರ ಸೇಂಟ್ ಲೂಯಿಯಲ್ಲಿ ನಮ್ಮ ಕ್ಲಬ್ಬಿನವರು ಎದುರಿಸಬೇಕಾದ ತಂಡದ ಮುಖ್ಯ ಆಟಗಾರನಿಗೆ ಹಳೆಯ ಮಂಡಿನೋವು. ಅವನು ಕಾಲೆಳೆಯುತ್ತಾನೆ, ಅದಕ್ಕೆ ಇವನೂ ಎಳೆಯುತ್ತಾನೆ.

ಇವನು ಲತೀರ್ ಫಾಯ್. ಮೂವತ್ತಮೂರು ವರ್ಷ. ಮಾಡುವ ಕೆಲಸಕ್ಕೆ ಹೆಸರಿಲ್ಲ. ವಾರವಾರ ಎದುರಾಳಿ ತಂಡದ ಒಬ್ಬನನ್ನು ನೋಡಿ ಬರುವುದು, ಅವನ ಹಾಗೆ ಓಡುವುದು, ಅವನ ಹಾಗೆ ನೆಗೆಯುವುದು, ಅವನ ಹಾಗೆ ಮೋಸ ಮಾಡುವುದು. ತಂಡದವರು ಇವನ ಮೇಲೆ ಅಭ್ಯಾಸ ಮಾಡಿ ಪಂದ್ಯಕ್ಕೆ ಹೋಗುತ್ತಾರೆ. ಇವನು ಹೋಗುವುದಿಲ್ಲ. ಕೆಂಪು ಬನಿಯನ್ನಿನ ಎದೆಯ ಮೇಲೆ ಆ ವಾರದ ಎದುರಾಳಿಯ ಅಂಕಿ ಬರೆದ ಬಟ್ಟೆಯನ್ನು ಪಿನ್ನು ಚುಚ್ಚಿ ಸಿಕ್ಕಿಸಿಕೊಳ್ಳುತ್ತಾನೆ, ವಾರ ಮುಗಿದ ಮೇಲೆ ಕಿತ್ತಿಡುತ್ತಾನೆ. ಆರು ವರ್ಷದಲ್ಲಿ ಅರವತ್ತೊಂದು ಜನ ಆಗಿದ್ದಾನೆ. ಅವನದೇ ಅಂತ ಒಂದು ಅಂಕಿ ಇಲ್ಲ.

"ನಾನು ಸೊಂಟ ನೋಡ್ತೀನಿ ಅಷ್ಟೇ. ಕೈ ನೋಡ್ತಾ ಕೂತ್ರೆ ಏಮಾರ್ತೀವಿ" ಎನ್ನುತ್ತಾನೆ ಲತೀರ್, ಶೂಗೆ ಗೋಂದು ಹಚ್ಚುತ್ತಾ. ಆ ಶೂ ನಮ್ಮ ತಂಡದ ನಾಯಕ ಹಾಕಿ ಬಿಟ್ಟದ್ದು. ದಿನಕ್ಕೆ ನಾನೂರು ಸಲ ಬುಟ್ಟಿಗೆ ಎಸೆಯುತ್ತಾನೆ. ಹನ್ನೊಂದು ಗಂಟೆಗೆ ಇಲ್ಲಿಂದ ಮೀನಿನ ದಕ್ಕೆಗೆ ಹೋಗಿ ಸಂಜೆಯವರೆಗೂ ಮಂಜುಗಡ್ಡೆ ಹೊರುತ್ತಾನೆ.

ಅವನ ಹೆಂಡತಿ ತೆನಿಂಗ್ ಅದೇ ದಕ್ಕೆಯಲ್ಲಿ ಮೀನು ಒಣಗಿಸುವವಳು. ಗಂಡನ ಕೆಲಸ ಏನಮ್ಮಾ ಎಂದು ಕೇಳಿದರೆ ನಗುತ್ತಾಳೆ. "ನಮ್ಮನೇಲಿ ವಾರಕ್ಕೊಬ್ಬ ಗಂಡಸು. ಹೋದ ವರ್ಷ ಯಾರೋ ಎಡಚನ್ನ ಕಲೀತಿದ್ದ. ಎಲ್ಲರೂ ಒಂದೇ ಬೋಗುಣಿ ಸುತ್ತ ಊಟಕ್ಕೆ ಕೂತಿದ್ವಿ, ಈ ಪುಣ್ಯಾತ್ಮ ಎಡಗೈ ಹಾಕ್ಬಿಟ್ಟ. ನಮ್ಮಮ್ಮ ಸೌಟಲ್ಲಿ ಬಿಟ್ಳು ನೋಡಿ." ಆಮೇಲೆ ಮೀನು ತಿರುವಿ ಹಾಕುತ್ತಾ, "ಒಂದು ಸಲ ಅವನ ಹೆಸರಿರೋ ಅಂಗಿ ಒಗೀಬೇಕು ನಾನು" ಎನ್ನುತ್ತಾಳೆ.

ಈ ವಾರ ಅಂಥ ಒಂದು ಅಂಗಿ ಖಾಲಿ ಇದೆ. ಹನ್ನೆರಡು ಜನರ ಪಟ್ಟಿಯಲ್ಲಿ ಒಬ್ಬನ ಮಂಡಿ ಮುರಿದು ಅವನು ಊರು ಸೇರಿದ್ದಾನೆ. ಶುಕ್ರವಾರ ಮಧ್ಯಾಹ್ನದೊಳಗೆ ಹನ್ನೆರಡನೆಯ ಹೆಸರು ಹೋಗಬೇಕು. ಮೂವತ್ತನಾಲ್ಕು ತುಂಬಿದವನನ್ನು ಹೊಸದಾಗಿ ಪಟ್ಟಿಗೆ ಸೇರಿಸುವುದಿಲ್ಲ ಎನ್ನುವುದು ಕ್ಲಬ್ಬಿನ ನಿಯಮ. ಲತೀರ್‌ಗೆ ಏಪ್ರಿಲ್‌ನಲ್ಲಿ ಮೂವತ್ತನಾಲ್ಕು.

ಇರುವ ಒಂದು ಜಾಗಕ್ಕೆ ಇಬ್ಬರು. ಇನ್ನೊಬ್ಬ ಅನ್ಸುಮಾನ ಸಾಂಬೂ, ಇಪ್ಪತ್ತೊಂದರ ಹುಡುಗ, ದಕ್ಷಿಣದ ಜಿಗಿಂಶೋರ್‌ನಿಂದ ಎರಡು ತಿಂಗಳ ಹಿಂದೆ ಬಂದವನು. ಅವನು ಜೋಲಾ, ಲತೀರ್ ಸೆರೇರ. ಅಕ್ಕತಂಗಿಯರಿಬ್ಬರ ಮಕ್ಕಳಿಂದ ಬಂದ ಎರಡು ಕುಲ. ಹಾಗಾಗಿ ಹುಟ್ಟಾ ಹಾಸ್ಯದ ನೆಂಟರು. ಅವನು ಇವನನ್ನು ಗುಲಾಮ ಎನ್ನಬಹುದು, ಇವನು ಅವನನ್ನು. ವಯಸ್ಸಿನ ಲೆಕ್ಕವಿಲ್ಲ, ಸಿಟ್ಟಾಗುವ ಹಾಗಿಲ್ಲ. ನೆಂಟ ಮುಖಕ್ಕೆ ಮುಖ ಕೊಟ್ಟು ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ಅವನ ಮೈಯಿಂದ ರಕ್ತ ಬೀಳಿಸುವ ಹಾಗಂತೂ ಇಲ್ಲವೇ ಇಲ್ಲ. ಬಿದ್ದರೆ ಎರಡೂ ಮನೆಗೆ ಕೇಡು.

ಮಂಗಳವಾರ ಅಭ್ಯಾಸ ಮುಗಿಸಿ ಇಬ್ಬರೂ ಗೋಡೆಗೆ ಒರಗಿ ಮೆಣಸಿನ ಕಾಫಿ ಕುಡಿಯುತ್ತಿದ್ದಾರೆ.

"ಲೋ ಗುಲಾಮ, ಮೊಮ್ಮಕ್ಕಳನ್ನ ಆಡ್ಸೋ ವಯಸ್ಸಲ್ಲಿ ನಿಂಗ್ಯಾಕೋ ಅಂಗಿ?" ಅನ್ಸು ಕೇಳುತ್ತಾನೆ.

"ಅನ್ನಗಳ್ಳ. ನಿಮ್ಮೂರಲ್ಲಿ ಗದ್ದೆ ಖಾಲಿಯಾಗಿ ಇಲ್ಲಿಗೆ ಬಂದ್ಯಾ?"

"ನಿನ್ನ ಜಾಗ ಕೊಡು ಅಂತ ಕೇಳಿದ್ರೆ ಕೊಡ್ಲೇಬೇಕು ನೀನು. ಗೊತ್ತಲ್ಲ?"

ಲತೀರ್ ಲೋಟ ಕೆಳಗಿಡುತ್ತಾನೆ. "ಕೇಳು."

ಅನ್ಸು ತನ್ನ ಲೋಟ ಚಾಚುತ್ತಾನೆ. "ಕಾಫಿ ಇನ್ನೊಂದು ಚೂರು ಹಾಕು. ಅಷ್ಟೇ ಕೇಳಿದ್ದು" ಎನ್ನುತ್ತಾನೆ.

ಗುರುವಾರ ಬೆಳಗ್ಗೆ ತರಬೇತುದಾರ ಮಾಸಾರ್ ಗೇಯ್ ಇಬ್ಬರನ್ನೂ ಅಂಕಣಕ್ಕೆ ಕರೆಯುತ್ತಾರೆ. ಉಳಿದ ಹನ್ನೊಂದು ಜನ ಗೆರೆಯ ಆಚೆ ಸಾಲಾಗಿ ನಿಂತಿದ್ದಾರೆ. ಒಬ್ಬನಿಗೊಬ್ಬ. ಬುಟ್ಟಿಗೆ ಹಾಕಿದವನಿಗೇ ಮತ್ತೆ ಚೆಂಡು. ಮೊದಲು ಹನ್ನೊಂದು ಮಾಡಿದವನ ಹೆಸರು ಪಟ್ಟಿಗೆ. "ಬನಿಯನ್ ತೆಗಿ, ಲತೀರ್. ಇವತ್ತು ಯಾರ ಆಟನೂ ಬೇಡ, ನಿನ್ನ ಆಟ ಆಡು" ಎನ್ನುತ್ತಾರೆ.

ಬರಿಮೈಯಲ್ಲಿ ನಿಂತ ಲತೀರ್‌ಗೆ ಕೈಯೇ ಓಡುತ್ತಿಲ್ಲ. ಮಂಡಿನೋವಿನವನ ಹಾಗೆ ನುಗ್ಗುತ್ತಾನೆ. ಅನ್ಸು ಕದಲದೆ ಅಡ್ಡ ನಿಂತು ಚೆಂಡು ಕಸಿದು, "ಇದು ಸೇಂಟ್ ಲೂಯಿಯವನದು, ಗೊತ್ತು" ಎನ್ನುತ್ತಾನೆ. ಲತೀರ್ ಎಡಚನ ಹಾಗೆ ತಿರುಗುತ್ತಾನೆ. "ಇದೂ ಗೊತ್ತು." ಎರಡು ತಿಂಗಳಿಂದ ಆ ಹುಡುಗ ಆಡಿದ್ದೆಲ್ಲ ಲತೀರ್ ಹೊತ್ತು ತಂದ ಆಟಗಾರರ ಮೇಲೆಯೇ. ಒಬ್ಬೊಬ್ಬರನ್ನೂ ಗುರುತು ಹಿಡಿದು ಕಸಿದುಕೊಳ್ಳುತ್ತಾನೆ. ಅನ್ಸು ಎಂಟು, ಲತೀರ್ ಮೂರು. ಗೆರೆಯ ಆಚೆ ನಿಂತವರು ನೆಲ ನೋಡುತ್ತಿದ್ದಾರೆ.

ಆಗ ಇಬ್ಬರೂ ಒಂದೇ ಚೆಂಡಿಗೆ ನೆಗೆಯುತ್ತಾರೆ. ಲತೀರ್‌ನ ಮೊಣಕೈ ಅನ್ಸುವಿನ ಹುಬ್ಬಿಗೆ ಬಡಿಯುತ್ತದೆ. ಸಿಮೆಂಟಿನ ಮೇಲೆ ರಕ್ತ ತೊಟ್ಟಿಕ್ಕುತ್ತದೆ, ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು.

ಈ ಅಂಕಣದ ಬೀಗದ ಕೈ ನನ್ನ ಹತ್ತಿರ ಬಂದು ಮೂವತ್ತೆಂಟು ವರ್ಷ. ಹಲ್ಲು ಮುರಿದದ್ದು, ಕೈ ಮುರಿದದ್ದು ಎಲ್ಲ ಕಂಡಿದ್ದೇನೆ. ನೆಂಟನ ರಕ್ತ ನೆಂಟ ಬೀಳಿಸಿದ್ದು ಕಂಡಿರಲಿಲ್ಲ. ಲತೀರ್ ನೆಲದ ಮೇಲೆ ಕೂತುಬಿಡುತ್ತಾನೆ. ತನ್ನ ಬಾಟಲಿಯ ನೀರು ಸುರಿದು, ಕೆಂಪು ಬನಿಯನ್ನಿನಿಂದ ಆ ರಕ್ತ ಒರೆಸುತ್ತಾನೆ. ಕಲೆ ಹೋದ ಮೇಲೂ ಒರೆಸುತ್ತಲೇ ಇದ್ದಾನೆ.

"ಎದ್ದೇಳಪ್ಪಾ" ಎನ್ನುತ್ತಾರೆ ಮಾಸಾರ್.

"ಆಗಲ್ಲ ಕೋಚ್. ನಮ್ಮವನ ರಕ್ತ ಬಿತ್ತು."

"ಏಳದಿದ್ರೆ ಹೆಸರು ಅನ್ಸುದು. ಆಮೇಲೆ ನಾನೇನೂ ಮಾಡಕ್ಕಾಗಲ್ಲ."

"ಅವನ ಹೆಸರೇ ಬರ್ಕೊಳ್ಳಿ."

ಯಾರೋ ಅನ್ಸುವಿನ ಹುಬ್ಬಿಗೆ ಬಟ್ಟೆ ಕಟ್ಟುತ್ತಿದ್ದಾರೆ. ಸುಮ್ಮನೆ ನಿಂತರೆ ಅಂಗಿ ಅವನದು. ಅವನು ಕಟ್ಟುವವರ ಕೈ ಸರಿಸಿ ಬಂದು ಲತೀರ್‌ನ ಎದುರು ಕುಕ್ಕರುಗಾಲಲ್ಲಿ ಕೂರುತ್ತಾನೆ.

"ಲೋ ಗುಲಾಮ. ಕೂತವನ ಮೇಲೆ ಗೆದ್ದೆ ಅಂತ ನಮ್ಮಮ್ಮಂಗೆ ಹೋಗಿ ಹೇಳ್ಲಾ ನಾನು?"

ಲತೀರ್ ತಲೆಯೆತ್ತುವುದಿಲ್ಲ.

"ಮುಖ ನೋಡು. ನೆಂಟ ಕೇಳ್ತಿದ್ದೀನಿ. ಎದ್ದು ಆಡು. ಇಲ್ಲ ಅನ್ನೋ ಹಾಗಿದ್ಯಾ?"

ಇಲ್ಲ ಎನ್ನುವ ಹಾಗಿಲ್ಲ. ರಕ್ತ ಬೀಳಿಸಬಾರದು ಎಂದ ಹಿರಿಯರೇ ಇದನ್ನೂ ಹೇಳಿ ಹೋಗಿದ್ದಾರೆ. ಲತೀರ್ ಏಳುತ್ತಾನೆ.

"ಆ ಬಾಡಿಗೆಯವರನ್ನೆಲ್ಲ ಮನೆಗೆ ಕಳ್ಸು. ನೀನು ಬಾ" ಎಂದು ಅನ್ಸು ಚೆಂಡನ್ನು ಅವನ ಎದೆಗೆ ಎಸೆಯುತ್ತಾನೆ.

ಲತೀರ್ ಹುಟ್ಟಿದ್ದು ಫಾದಿಯೂತ್ ದ್ವೀಪದಲ್ಲಿ. ಅಲ್ಲಿ ನೆಲವೆಲ್ಲ ಚಿಪ್ಪು, ಚೆಂಡು ಪುಟಿಯುವುದಿಲ್ಲ, ಎತ್ತಲೋ ಸಿಡಿಯುತ್ತದೆ. ಅಲ್ಲಿಯ ಮಕ್ಕಳು ಚೆಂಡು ನೆಲಕ್ಕೆ ತಾಗಿಸದೆ, ನಿಂತಲ್ಲೇ ಒಂದು ಕಾಲೂರಿ ತಿರುಗಿ ತಿರುಗಿ ಎಸೆಯುತ್ತವೆ. ರುಫಿಸ್ಕ್‌ಗೆ ಬಂದ ದಿನ ಎಲ್ಲರೂ ನಕ್ಕರೆಂದು ಅವನು ಅದನ್ನು ಬಿಟ್ಟಿದ್ದ. ಈಗ ಅದೇ ಆಡುತ್ತಾನೆ. ಚೆಂಡು ನೆಲ ಮುಟ್ಟದಿದ್ದರೆ ಕಸಿಯುವುದೆಲ್ಲಿಂದ? ನಾಲ್ಕು. ಐದು. ಎಂಟರವರೆಗೂ ಒಂದೇ ಉಸಿರು. ಒಂಬತ್ತನೆಯದು ಅಂಚಿಗೆ ಬಡಿದು ಹೊರಗೆ. ಅನ್ಸು ಎರಡು ಹಾಕುತ್ತಾನೆ. ಹತ್ತಕ್ಕೆ ಎಂಟು. ಇನ್ನೊಂದು ಬಿದ್ದರೆ ಮುಗಿಯಿತು. ಚೆಂಡು ಬಳೆಯ ಮೇಲೆ ಎರಡು ಸುತ್ತು ಹೊಡೆದು ಆಚೆ ಉರುಳುತ್ತದೆ.

ಲತೀರ್ ಒಂಬತ್ತು, ಹತ್ತು. ಕೊನೆಯದಕ್ಕೆ ಅವನು ನಾಲ್ಕು ಸಲ ತಿರುಗುತ್ತಾನೆ. ನಾಲ್ಕನೆಯ ಸಲಕ್ಕೆ ಅನ್ಸು ಒಂದು ಗೇಣು ಹಿಂದೆ ಬೀಳುತ್ತಾನೆ. ಹನ್ನೊಂದು.

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅನ್ಸು ಅವನ ಕಿವಿ ಹಿಂಡಿ, "ಚಿಪ್ಪು ಮಾರೋನೇ, ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಹುಬ್ಬಿಗೆ ಹೊಲಿಗೆ ಹಾಕಿಸಲು ಹೋಗುತ್ತಾನೆ. ಮೂರು ಹೊಲಿಗೆ.

ಶುಕ್ರವಾರ ಹೆಸರು ಹೋಗುತ್ತದೆ, ಸಂಜೆ ಅಂಗಿ ಬರುತ್ತದೆ. ಬೆನ್ನ ಮೇಲೆ ಫಾಯ್, ಕೆಳಗೆ ಹನ್ನೆರಡು. ಲತೀರ್ ಅದನ್ನು ತೊಡುವ ಮೊದಲೇ ಅನ್ಸು ಕೈ ಚಾಚುತ್ತಾನೆ.

"ಕೊಡು. ನೆಂಟ ಕೇಳ್ತಿದ್ದೀನಿ."

ಲತೀರ್ ಅಂಗಿ ನೋಡುತ್ತಾನೆ, ಅನ್ಸುವಿನ ಹುಬ್ಬು ನೋಡುತ್ತಾನೆ. ಮಡಿಸಿ ಕೊಟ್ಟುಬಿಡುತ್ತಾನೆ. ಅನ್ಸು ಅದನ್ನು ಬಿಡಿಸಿ, ಮೂಸಿ, ಮುಖ ಸಿಂಡರಿಸುತ್ತಾನೆ.

"ಥೂ, ಈಗ್ಲೇ ಸೆರೇರರ ಸಜ್ಜೆ ವಾಸನೆ. ನಂಗೆ ಬೇಡಪ್ಪ. ಆ ಕೆಂಪು ಬನಿಯನ್ ಕೊಡು, ಕೋಚ್ ನಂಗೆ ಆ ಕೆಲಸ ಹೇಳಿದ್ದಾರೆ. ಪಿನ್ನೂ ಕೊಡು."

ಇನ್ನೇನು ಆಸೆ ಇದೆ ಎಂದು ಲತೀರ್‌ನನ್ನು ಕೇಳಿದೆ. ಅಂಗಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಯೋಚಿಸಿದ. "ಒಂದೆರಡು ನಿಮಿಷ ಆಡ್ಸಿದ್ರೆ ಸಾಕು. ಬೆವರಾಗ್ಬೇಕು, ಅಷ್ಟೇ. ತೆನಿಂಗ್ ಒಗೀಬೇಕಲ್ಲ."

ಬಸ್ಸು ಹೊರಟದ್ದು ಶನಿವಾರ ಬೆಳಗ್ಗೆ ಏಳಕ್ಕೆ, ಹನ್ನೆರಡು ಜನ, ಲತೀರ್ ಕೊನೆಯ ಸೀಟಿನಲ್ಲಿ. ಅಮ್ಮನಿಗೆ ಮುಖ ತೋರಿಸಿ, ಮುಂದಿನ ಎದುರಾಳಿಯ ವಾರಕ್ಕೆ ಮೊದಲೇ, ಹದಿನೈದು ದಿನಕ್ಕೆ ಬರುತ್ತೇನೆ ಎಂದು, ಕೆಂಪು ಬನಿಯನ್ನು ಚೀಲದಲ್ಲಿಟ್ಟುಕೊಂಡು ಅನ್ಸು ದಕ್ಷಿಣದ ಹಡಗು ಹತ್ತಿದ್ದು ಭಾನುವಾರ ಸಂಜೆ.